ನಮ್ಮ ಮಕ್ಕಳು ರೈಲು ಹತ್ತುವ ಮುನ್ನ



ಬೆಂಗಳೂರಿನ ಉತ್ತರ ಭಾಗ ನಮ್ಮಲ್ಲಿ ಬಹುಮಂದಿಗೆ ಪರಿಚಿತ. ಕೃಷಿ ಮೇಳಕ್ಕೆಂದು ಹೆಬ್ಬಾಳದ ಆಚೆಯ ಜಿ.ಕೆ.ವಿ.ಕೆ.ಗೆ ಹೋಗುತ್ತೇವೆ. ಕೆಲವರ ಮಕ್ಕಳು ಯಲಹಂಕದ ಕಡೆ ಓದುತ್ತಿದ್ದಾರೆ. ರೈಲಿನಲ್ಲಿ ಹೋದವರು ಸಾಮಾನ್ಯವಾಗಿ ಇಳಿಯುವುದು ಯಶವಂತಪುರದಲ್ಲಿ. ಅದೇ ನಿಲ್ದಾಣದಲ್ಲಿ ಎರಡು ವರ್ಷದ ಹಿಂದೆ ನಮ್ಮ ತೋಟದ ಲೈನ್ ಮನೆಯ ಹುಡುಗನೊಬ್ಬ ಒಂಟಿಯಾಗಿ ಇಳಿದ. ಧಾರಣೆ, ಗೊಬ್ಬರ, ಕೊಳೆರೋಗದ ಬಗ್ಗೆ ಬರೆಯಬೇಕಾದ ಕಾರ್ಯದರ್ಶಿ ಈ ಸಲ ಬೇರೆ ವಿಷಯ ಎತ್ತಿಕೊಂಡದ್ದಕ್ಕೆ ಅವನೇ ಕಾರಣ.

ಹುಡುಗನಿಗೆ ಆಗ 16 ವರ್ಷ. ತಂದೆ ಕೊನೆ ತೆಗೆಯುತ್ತಿದ್ದವನು. ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಕಣದ ಕೆಲಸ ಮಾತ್ರ. ತಾಯಿ ಕಾಫಿ ಕೊಯ್ಲಿಗೆ ಬರುತ್ತಾಳೆ. ಎಸ್.ಎಸ್.ಎಲ್.ಸಿ.ಯಲ್ಲಿ ಹುಡುಗ ಎರಡು ವಿಷಯಗಳಲ್ಲಿ ನಪಾಸಾದ. ಫಲಿತಾಂಶ ಬಂದ ಸಂಜೆ ಅಂಗಳದಲ್ಲಿ ಸಿಕ್ಕಿದವನಿಗೆ ನಾನೇ, "ಓದು ಹತ್ತದಿದ್ದರೆ ನಾಳೆಯಿಂದ ಕತ್ತಿ ಹಿಡಿದು ತೋಟಕ್ಕೆ ಬಾ ಮಾರಾಯ" ಎಂದೆ. ತಮಾಷೆಗೆ ಆಡಿದ ಮಾತು. ನಾಲ್ಕು ಜನ ನಕ್ಕರು. ಮರುದಿನ ಹುಡುಗ ಇರಲಿಲ್ಲ. "ಮಾವನ ಮನೆಗೆ ಹೋಗಿರಬೇಕು" ಎಂದ ತಂದೆ. "ಹಸಿವಾದರೆ ತಾನೇ ಬಂದಾನು" ಎಂದೆ ನಾನು. ಹೀಗೇ ಎರಡು ದಿನ ಕಳೆಯಿತು. ಮೂರನೆಯ ದಿನ ಬೆಂಗಳೂರಿನಿಂದ ಫೋನು ಬಂತು.

ಹುಡುಗ ಒಂದು ರಾತ್ರಿಯನ್ನು ಪ್ಲಾಟ್‌ಫಾರಂನಲ್ಲೇ ಕಳೆದಿದ್ದ. ಊಟ, ವಸತಿ, ಒಳ್ಳೆಯ ಸಂಬಳ ಕೊಡಿಸುತ್ತೇನೆಂದು ಯಾರೋ ಒಬ್ಬಾತ ಕರೆದಿದ್ದನಂತೆ. ಅವನ ಜೊತೆ ಹೊರಡುವಷ್ಟರಲ್ಲಿ ನಿಲ್ದಾಣದಲ್ಲಿ ಮಕ್ಕಳ ಸಹಾಯಕ್ಕೆ ಇರುವವರ ಕಣ್ಣಿಗೆ ಬಿದ್ದ. ಅವರು ತಿಂಡಿ ಕೊಡಿಸಿ, ಮಾತನಾಡಿಸಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದರು. ನಾನೂ ಅವನ ತಂದೆಯೂ ಕರೆತರಲು ಹೋದೆವು. ಸಮಿತಿಯ ಹೆಣ್ಣುಮಗಳೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಎರಡು ದಿನ ಯಾರೂ ದೂರು ಕೊಡಲಿಲ್ಲವಲ್ಲ, ಯಾಕೆ?" ತಂದೆ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ನನಗೆ ತಿಳಿಯದಿದ್ದ ಕೆಲವು ಸಂಗತಿಗಳು ಅಲ್ಲಿಂದ ಮುಂದೆ ತಿಳಿದವು.

ಮಗು ಕಾಣೆಯಾದರೆ ಒಂದು ದಿನ ಕಾಯಬೇಕೆಂಬ ನಿಯಮ ಇಲ್ಲವೇ ಇಲ್ಲ. ಕಾಣೆಯಾದ ಮಕ್ಕಳ ದೂರನ್ನು ಪೊಲೀಸರು ದಾಖಲಿಸಿಕೊಂಡು ತನಿಖೆ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಮೀಸೆ ಚಿಗುರಿದ ಹುಡುಗನೂ ಮಗುವೇ. ದಿಕ್ಕಿಲ್ಲದೆ ಸಿಕ್ಕಿದ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು.

ಈ ವ್ಯವಸ್ಥೆ ತಾನಾಗಿ ಬಂದದ್ದಲ್ಲ. ಬೆಂಗಳೂರಿನ ಬೀದಿ ಹುಡುಗರಿಗಾಗಿ 1980ರಲ್ಲಿ ಬೋಸ್ಕೋ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಕೆಲಸ ಆರಂಭಿಸಿತು. 1992ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಸಾಥಿ ಸಂಸ್ಥೆ ಮನೆ ಬಿಟ್ಟು ರೈಲು ನಿಲ್ದಾಣ ಸೇರಿದ ಮಕ್ಕಳನ್ನು ಮರಳಿ ಮನೆ ಸೇರಿಸುವುದನ್ನೇ ಮುಖ್ಯ ಕೆಲಸ ಮಾಡಿಕೊಂಡಿತು. ಮಕ್ಕಳ ಸಹಾಯವಾಣಿ 1098 ಆರಂಭವಾದದ್ದು ಮುಂಬಯಿಯಲ್ಲಿ, 1996ರಲ್ಲಿ. 2023ರಿಂದ ಅದನ್ನು ಸರ್ಕಾರವೇ ನಡೆಸುತ್ತಿದ್ದು, 112ರ ತುರ್ತು ಸೇವೆಯೊಂದಿಗೆ ಜೋಡಿಸಲಾಗಿದೆ. ಪ್ಲಾಟ್‌ಫಾರಂನಲ್ಲಿ ದುಡಿದವರ ಅನುಭವ ಒಂದೇ: ಮೊದಲ ದಿನಗಳಲ್ಲಿ ಸಿಕ್ಕಿದ ಮಗು ಮನೆಗೆ ಮರಳುವುದು ಸುಲಭ, ತಿಂಗಳುಗಟ್ಟಲೆ ಅಲ್ಲೇ ಉಳಿದ ಮಗುವಿಗೆ ನಿಲ್ದಾಣವೇ ಮನೆಯಾಗುತ್ತದೆ. ನಾವು ಕೈಕಟ್ಟಿ ಕುಳಿತ ಎರಡು ದಿನದ ಬೆಲೆ ಇದರಿಂದ ತಿಳಿಯಬಹುದು.

ಆದರೆ ಯಶವಂತಪುರದಲ್ಲಿ ಎಷ್ಟೇ ಒಳ್ಳೆಯವರು ಕಾದಿದ್ದರೂ ಅದು ಕೊಳೆ ಬಿದ್ದ ಮೇಲೆ ಹೊಡೆಯುವ ಬೋರ್ಡೋ. ಮಳೆಗೆ ಮುಂಚಿನ ಸಿಂಪರಣೆ ಊರಿನಲ್ಲೇ ಆಗಬೇಕು. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಕುಂದಾಪುರ ತಾಲ್ಲೂಕಿನ ಹಳ್ಳಿಗಳಿಗೂ ಹೋಯಿತು. ಪಟ್ಟಣದ ಹೋಟೆಲುಗಳಿಗೆ ಹುಡುಗರು ಹೋಗುತ್ತಿದ್ದದ್ದು ಅಂಥ ಊರುಗಳಿಂದಲೇ. 1990ರ ದಶಕದಲ್ಲಿ ಅಲ್ಲಿ ಮಕ್ಕಳ ಪಂಚಾಯತಿಗಳು ನಡೆದವು. ಮಕ್ಕಳು ತಮ್ಮ ಕಷ್ಟವನ್ನು ತಾವೇ ಹಿರಿಯರ ಮುಂದಿಟ್ಟರು. ಈಗ ನಮ್ಮ ಗ್ರಾಮ ಪಂಚಾಯತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿದೆ. ನಮ್ಮಲ್ಲಿ ಎಷ್ಟು ಜನ ಅದಕ್ಕೆ ಹೋಗಿ ಕುಳಿತಿದ್ದೇವೆ? ಹರಾಜಿಗೆ ತಪ್ಪದೆ ಹೋಗುವ ನಾನು ಒಮ್ಮೆಯೂ ಹೋಗಿರಲಿಲ್ಲ.

ಆಡಳಿತ ಮಂಡಳಿಯಲ್ಲಿ ಈ ಮಾತು ಎತ್ತಿದಾಗ ಹಿರಿಯ ಸದಸ್ಯರೊಬ್ಬರು, "ಸಂಘ ಇರುವುದು ಅಡಿಕೆ, ಕಾಫಿ ಮಾರುವುದಕ್ಕೆ, ಮಕ್ಕಳನ್ನು ಕಾಯುವುದಕ್ಕಲ್ಲ" ಎಂದರು. ಅವರ ಮಾತಿನಲ್ಲಿ ಅರ್ಥವಿದೆ. ನಮ್ಮ ಸಿಬ್ಬಂದಿ ಇಬ್ಬರೇ. ಆದರೆ ತಾಲ್ಲೂಕಿನ ಯಾವ ಕಚೇರಿಗೂ ತಿಳಿಯದ ಮನೆಯ ಸುದ್ದಿ ತೂಕದ ದಿನ ನಮ್ಮ ಗೋದಾಮಿನ ಮುಂದೆ ತಿಳಿಯುತ್ತದೆ. ಹಣ ಖರ್ಚಿಲ್ಲದೆ ಮಾಡಬಹುದಾದ ನಾಲ್ಕು ಕೆಲಸಗಳನ್ನು ಕೆಳಗೆ ಕೊಟ್ಟಿದ್ದೇನೆ.

1. ಮನೆಯ ಮಗುವಾಗಲಿ, ಲೈನ್ ಮನೆಯ ಮಗುವಾಗಲಿ ಕಾಣದಿದ್ದರೆ ಅಂದೇ 112 ಅಥವಾ 1098ಕ್ಕೆ ಫೋನು ಮಾಡಿ, ಠಾಣೆಗೆ ದೂರು ಕೊಡಿ. ಮಾನ ಹೋದೀತೆಂದು ಕಾಯಬೇಡಿ.

2. ಮಂಕಾಗಿ ಕೂರುವ, ಊಟ ಬಿಡುವ, ಕುಡಿತದ ಕಡೆಗೆ ವಾಲುವ ಹುಡುಗ ಹುಡುಗಿಯರಿದ್ದರೆ ಗದರುವುದು ಪರಿಹಾರವಲ್ಲ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ 10ರಿಂದ 19 ವರ್ಷದವರಿಗೆಂದೇ ಇದೆ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಇಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ.

3. ದುಡಿಯುವ ಕೈ ಬಿದ್ದುಹೋದ ಬಡ ಕುಟುಂಬಗಳ ಅರ್ಹ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಮ್ಮ ಕೆಲಸದವರಿಗೆ ಕಾಗದಪತ್ರ ಹೊಂದಿಸಿಕೊಡಲು ಸಂಘದ ಕಚೇರಿ ನೆರವಾಗುತ್ತದೆ.

4. ನಪಾಸಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಫಲಿತಾಂಶದ ದಿನ ಮೊದಲು ಇದನ್ನು ಹೇಳಿ. ಕತ್ತಿಯ ಮಾತು ಬೇಡ.

ಹುಡುಗ ಈಗ ಏನು ಮಾಡುತ್ತಿದ್ದಾನೆಂದು ಕೇಳುವಿರಿ. ಒಂದು ವಿಷಯ ಪಾಸಾಯಿತು, ಗಣಿತ ಇನ್ನೂ ಉಳಿದಿದೆ. 18 ತುಂಬಿದ ಮೇಲೆ ಪೇಟೆಯ ಅಂಗಡಿಯೊಂದರಲ್ಲಿ ಮೋಟಾರು ವೈಂಡಿಂಗ್ ಕಲಿಯುತ್ತಿದ್ದಾನೆ. ಕಳೆದ ತಿಂಗಳು ನಮ್ಮ ಪಂಪ್‌ಸೆಟ್ ಸುಟ್ಟಾಗ ಅವನೇ ಬಂದು ಸರಿಮಾಡಿದ. ಕಾಫಿ ಕುಡಿಯುತ್ತಾ, ಆ ದಿನ ಯಾಕೆ ಹೊರಟೆ ಎಂದು ಮೊದಲ ಸಲ ಕೇಳಿದೆ.

"ನೀವೆಲ್ಲ ನಕ್ಕಿರಲ್ಲ ಅಯ್ಯಾ, ಮುಂದೇನು ಮಾಡ್ತೀಯ ಅಂತ ಒಬ್ಬರೂ ಕೇಳಲಿಲ್ಲ" ಎಂದ.

ಇದನ್ನು ಕೇಳಲು ಯಾವ ಯೋಜನೆಯೂ ಬೇಕಿಲ್ಲ. ಈ ಸಂಚಿಕೆ ಓದಿ ಮುಗಿಸಿದ ಮೇಲೆ ನಿಮ್ಮ ತೋಟದಲ್ಲಿರುವ ಅಂಥ ಮಕ್ಕಳನ್ನು ಕೇಳಿ ನೋಡಿ ಎಂದು ವಿನಂತಿ.

— ಕಾರ್ಯದರ್ಶಿ