ಅಸ್ಮಿತೆಯನ್ನು ಮನ್ನಿಸುವ ದೇಹಚಿಕಿತ್ಸೆ

ಭಯಗೊಂಡವರ ಭುಜಗಳು ಮೇಲೇರುತ್ತವೆ, ಉಸಿರು ಮೊಟಕಾಗುತ್ತದೆ, ಹೊಟ್ಟೆ ಬಿಗಿಯುತ್ತದೆ. ಭಯದ ಕಾರಣ ತೊಲಗಿದ ಮೇಲೆ ಈ ಚಿಹ್ನೆಗಳೂ ತೊಲಗುವುದು ದೇಹಧರ್ಮ. ಆದರೆ ಕಾರಣವು ವರ್ಷಾನುಗಟ್ಟಲೆ ತೊಲಗದೆ ನಿಂತರೆ ದೇಹದ ಗತಿಯೇನು? ಸಲಿಂಗಪ್ರೇಮಿಗಳು, ಉಭಯಲಿಂಗಪ್ರೇಮಿಗಳು, ಹುಟ್ಟಿದಾಗ ಇತರರು ಗೊತ್ತುಮಾಡಿದ ಲಿಂಗಕ್ಕಿಂತ ಬೇರೆಯಾಗಿ ತಮ್ಮನ್ನು ಅರಿತುಕೊಂಡ ಲಿಂಗಾಂತರಿಗಳು, ಇಂಥ ಎಳೆಯರ ವಿಷಯದಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ನಡೆಯುವ ಬಗೆ, ಕೈಯಾಡಿಸುವ ಬಗೆ, ದನಿಯ ಏರಿಳಿತ, ಇವೇ ಗುಟ್ಟನ್ನು ಹೊರಗೆಡಹಿಯಾವೆಂಬ ಅಂಜಿಕೆಯಿಂದ ಅವರಲ್ಲಿ ಹಲವರು ಬಾಲ್ಯದಿಂದಲೇ ತಮ್ಮ ದೇಹಕ್ಕೆ ತಾವೇ ಕಾವಲುಗಾರರಾಗಿರುತ್ತಾರೆ. ಈ ಕಾವಲನ್ನು ಸಡಿಲಿಸಲು ಈಚಿನ ದಶಕಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಬಳಕೆಗೆ ಬಂದಿರುವ ಚಿಕಿತ್ಸೆಯೊಂದನ್ನು ಇಲ್ಲಿ ವಿವೇಚಿಸುತ್ತೇವೆ. ವ್ಯಕ್ತಿಯ ಅಸ್ಮಿತೆಯನ್ನು ರೋಗವೆಂದು ಎಣಿಸದೆ ಮನ್ನಿಸುವುದು, ಮಾತಿನ ಜೊತೆಗೆ ದೇಹದ ಅನುಭವವನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ಅದರ ಲಕ್ಷಣ.

ಇದರ ಬುನಾದಿಯಲ್ಲಿರುವ ವಿಚಾರವನ್ನು ಇಲಾನ್ ಮೇಯರ್ ಎಂಬ ವಿದ್ವಾಂಸರು ೧೯೯೫ರಲ್ಲಿಯೂ, ಇನ್ನೂ ವಿಸ್ತಾರವಾಗಿ ೨೦೦೩ರಲ್ಲಿಯೂ ಮಂಡಿಸಿದರು. ಅಲ್ಪಸಂಖ್ಯಾತರ ಒತ್ತಡವೆಂದು ಅದಕ್ಕೆ ಹೆಸರು. ಈ ಜನರಲ್ಲಿ ಖಿನ್ನತೆ, ಆತಂಕ ಮೊದಲಾದುವು ಹೆಚ್ಚಾಗಿ ಕಾಣುವುದಕ್ಕೆ ಅವರ ಪ್ರೀತಿಯ ಸ್ವರೂಪ ಕಾರಣವಲ್ಲ. ಹೊರಗಿನಿಂದ ಬರುವ ಹೀಯಾಳಿಕೆ ಹಿಂಸೆಗಳು, ಅವು ಮತ್ತೆ ಬಂದಾವೆಂಬ ಎಡೆಬಿಡದ ನಿರೀಕ್ಷೆ, ಮರೆಮಾಚುವ ಶ್ರಮ, ಸಮಾಜದ ತಿರಸ್ಕಾರವನ್ನು ತಮ್ಮದೇ ಅಭಿಪ್ರಾಯವಾಗಿ ಮಾಡಿಕೊಳ್ಳುವುದು, ಇವು ಕಾರಣವೆಂದು ಅವರ ವಾದ.

ದೇಹದ ಮೂಲಕ ಚಿಕಿತ್ಸೆ ಎಂಬ ಮಾತು ಈ ಜನರ ಕಿವಿಗೆ ಇಂಪಾಗಬೇಕಾದ ಕಾರಣವೇನೂ ಇಲ್ಲ. ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ ಬ್ರಿಟನ್, ಅಮೆರಿಕ ಮೊದಲಾದೆಡೆ ವಾಂತಿ ಬರಿಸುವ ಔಷಧವನ್ನೋ ವಿದ್ಯುದಾಘಾತವನ್ನೋ ಕೊಟ್ಟು ಸಲಿಂಗಾಕರ್ಷಣೆಯ ಮೇಲೆ ಹೇಸಿಗೆ ಹುಟ್ಟಿಸುವ ಪ್ರಯೋಗಗಳು ವೈದ್ಯದ ಹೆಸರಿನಲ್ಲಿಯೇ ನಡೆದುವು. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುದು ೧೯೭೩ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ೧೯೯೦ರಲ್ಲಿ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಅದುಮಿದ ಭಾವಗಳು ಸ್ನಾಯುಗಳಲ್ಲಿ ಕವಚದಂತೆ ಗಟ್ಟಿಗೊಳ್ಳುತ್ತವೆಂದು ೧೯೩೦ರ ದಶಕದಲ್ಲಿ ಪ್ರತಿಪಾದಿಸಿ ದೇಹಚಿಕಿತ್ಸೆಗೆ ದಾರಿಮಾಡಿದ ವಿಲ್ಹೆಲ್ಮ್ ರೈಖ್ ಅವರೂ, ಅವರ ಶಿಷ್ಯ ಅಲೆಗ್ಸಾಂಡರ್ ಲೋವೆನ್ ಅವರೂ ಸಲಿಂಗಪ್ರೇಮವನ್ನು ವಿಕಾರವೆಂದೇ ಬಗೆದಿದ್ದರು. ಆದುದರಿಂದ 'ಅಸ್ಮಿತೆಯನ್ನು ಮನ್ನಿಸುವ' ಎಂಬ ವಿಶೇಷಣ ಅಲಂಕಾರಕ್ಕಾಗಿ ಬಂದುದಲ್ಲ.

ಇಂದಿನ ಪದ್ಧತಿಗಳು ಯೂಜೀನ್ ಜೆಂಡ್ಲಿನ್, ಪೀಟರ್ ಲೆವೀನ್, ಪ್ಯಾಟ್ ಆಗ್ಡೆನ್ ಮೊದಲಾದವರಿಗೆ ಋಣಿಯಾಗಿವೆ. ಮಾತಿಗೆ ಸಿಗುವ ಮೊದಲೇ ದೇಹದಲ್ಲಿ ಮೂಡುವ ಮಸುಕಾದ ಅರಿವಿಗೆ ಕಿವಿಗೊಡುವ ಕ್ರಮವನ್ನು ಜೆಂಡ್ಲಿನ್ನರು ೧೯೭೮ರ ತಮ್ಮ ಗ್ರಂಥದಲ್ಲಿ ತಿಳಿಸಿದರು. ಆಘಾತದ ನೆನಪನ್ನು ಒಮ್ಮೆಗೇ ಕೆದಕದೆ, ಹನಿಹನಿಯಾಗಿ ಮುಟ್ಟಿ, ಪ್ರತಿಸಲವೂ ದೇಹದಲ್ಲಿ ನೆಮ್ಮದಿಯಿರುವ ಎಡೆಗೆ ಹಿಂದಿರುಗಬೇಕೆಂಬುದು ಲೆವೀನರ ಸೂತ್ರ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಡಿಗೆಗಾಗಿ ಶಾಲೆಯಲ್ಲಿ ಅಣಕಕ್ಕೆ ಗುರಿಯಾದ ಯುವಕನೊಬ್ಬನು ಆ ಸಂಗತಿಯನ್ನು ಹೇಳುತ್ತಿರುವಾಗ ಅವನ ದವಡೆ ಬಿಗಿಯುತ್ತದೆ. ಚಿಕಿತ್ಸಕರು ಕಥೆಯನ್ನು ಅಲ್ಲಿಯೇ ತಡೆದು ಆ ಬಿಗುವನ್ನು ಗಮನಿಸಲು ಹೇಳುತ್ತಾರೆ. ಪಾದ ನೆಲವನ್ನು ಮುಟ್ಟಿರುವುದನ್ನೂ ಬೆನ್ನು ಕುರ್ಚಿಗೆ ಒರಗಿರುವುದನ್ನೂ ಅರಿಯಲು ಹೇಳುತ್ತಾರೆ. ಉಸಿರು ತಾನಾಗಿ ಹದಕ್ಕೆ ಬಂದ ಮೇಲೆ ಮಾತು ಮುಂದುವರಿಯುತ್ತದೆ. ಮುಂದೊಂದು ದಿನ ಕೋಣೆಯೊಳಗೆ ತನ್ನ ಇಷ್ಟದಂತೆ ನಡೆದು ನೋಡುವಂತೆಯೂ ಸೂಚಿಸಬಹುದು. ಯಾರೂ ನಗದ ಎಡೆಯಲ್ಲಿ ಹತ್ತು ಹೆಜ್ಜೆ ನಡೆಯುವುದು ಅಲ್ಪವೆಂದು, ಆ ಸ್ವಾತಂತ್ರ್ಯವನ್ನು ಎಂದೂ ಕಳೆದುಕೊಳ್ಳದವರು ಭಾವಿಸಿಯಾರು.

ಲಿಂಗಾಂತರಿಗಳ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಕಣ್ಣು ಮುಚ್ಚಿ ಎದೆತುಂಬ ಉಸಿರೆಳೆಯಿರಿ ಎಂಬುದು ಸಾಮಾನ್ಯವಾದ ಸೂಚನೆ. ಎದೆಯೇ ವೇದನೆಯ ಸ್ಥಾನವಾಗಿರುವವರಿಗೆ ಅದು ಉಪಚಾರವಾಗಲಾರದು. ಎದೆಯನ್ನು ಬಿಗಿಯುಡುಪಿನಿಂದ ಅದುಮಿಕೊಳ್ಳುವವರುಂಟು. ೨೦೧೭ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅಂಥ ಸುಮಾರು ೧೮೦೦ ಮಂದಿಯ ಪೈಕಿ ನೂರಕ್ಕೆ ೯೭ರಷ್ಟು ಜನ ನೋವು ಮೊದಲಾದ ಒಂದಾದರೂ ತೊಂದರೆಯನ್ನು ಹೇಳಿದರು. ಅದರಿಂದ ಮನಸ್ಸಿಗೆ ಹಿತವಾಯಿತೆಂದು ಹೇಳಿದವರೂ ಅವರಲ್ಲಿಯೇ ಇದ್ದರು. ಈ ಎರಡು ಮಾತುಗಳನ್ನೂ ಕೂಡಿಯೇ ಕೇಳಬೇಕು. ಅಂಗೈ, ಅಂಗಾಲುಗಳಂಥ ನಿರುಪದ್ರವ ಸ್ಥಾನಗಳಿಂದ ತೊಡಗುವುದು, ಅಂಗಗಳಿಗೆ ಅವರೇ ಬಳಸುವ ಹೆಸರನ್ನು ಬಳಸುವುದು, ಒಪ್ಪಿಗೆಯಿಲ್ಲದೆ ಮುಟ್ಟದಿರುವುದು ಇಲ್ಲಿ ವಿಹಿತವಾದ ಕ್ರಮ.

ಇದಕ್ಕಿಂತ ಗಹನವಾದ ತೊಡಕೊಂದಿದೆ. ಭಯವು ಹಳೆಯದಾದರೆ ಬಿಗುವನ್ನು ಸಡಿಲಿಸಬಹುದು. ಮನೆಯಲ್ಲಿ ಹೊಡೆತ ಇಂದಿಗೂ ಕಾದಿದ್ದರೆ ಆ ಎಚ್ಚರವೇ ರಕ್ಷೆ. ಅಂಥವರಿಗೆ ಶಾಂತರಾಗಿರಿ ಎಂದು ಕಲಿಸುವುದು ಕ್ರೌರ್ಯಕ್ಕೆ ಸಮೀಪವೆಂದು ನಮ್ಮ ಅಭಿಮತ. ಮೊದಲು ಆಸರೆ, ಆಮೇಲೆ ಸಡಿಲಿಕೆ.

ಫಲದ ವಿಷಯದಲ್ಲಿ ಅತ್ಯುಕ್ತಿ ಸಲ್ಲದು. ಜಾನ್ ಪಚಾಂಕಿಸ್ ಮತ್ತು ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಸ್ಮಿತೆಯನ್ನು ಮನ್ನಿಸುವಂತೆ ಮಾರ್ಪಡಿಸಿದ ಹತ್ತು ಬೈಠಕ್ಕುಗಳ ಚಿಕಿತ್ಸೆಯಿಂದ ಸಲಿಂಗ ಹಾಗೂ ಉಭಯಲಿಂಗಪ್ರೇಮಿ ಯುವಕರ ಖಿನ್ನತೆ ಕಡಿಮೆಯಾಯಿತು. ಆದರೆ ಅದು ಆಲೋಚನೆ ನಡವಳಿಕೆಗಳನ್ನು ಕುರಿತ ಚಿಕಿತ್ಸೆ, ದೇಹಾಶ್ರಿತವಾದುದಲ್ಲ. ಲೆವೀನರ ಪದ್ಧತಿಗೆ ಆಘಾತಪೀಡಿತರಲ್ಲಿ ೨೦೧೭ರ ಪ್ರಯೋಗವೊಂದು ಬೆಂಬಲವಿತ್ತಿತಾದರೂ ಅದು ಈ ಎಳೆಯರನ್ನೇ ಕುರಿತದ್ದಲ್ಲ. ಎರಡನ್ನೂ ಕೂಡಿಸಿ ಪರೀಕ್ಷಿಸುವ ಕಾರ್ಯ ಬಹುಮಟ್ಟಿಗೆ ಉಳಿದಿದೆ. ಈ ಚಿಕಿತ್ಸಕರು ಆಗಾಗ ಆಧಾರವಾಗಿ ಹೇಳುವ ಸ್ಟೀಫನ್ ಪೋರ್ಜಸ್ ಅವರ ನರಸಿದ್ಧಾಂತವನ್ನು ಶರೀರವಿಜ್ಞಾನಿಗಳಲ್ಲಿ ಹಲವರು ಒಪ್ಪುವುದಿಲ್ಲ.

ನಮ್ಮ ದೇಶದಲ್ಲಿ ಕಾನೂನು ಈ ದಿಕ್ಕಿನಲ್ಲಿ ಸಾಕಷ್ಟು ದೂರ ಬಂದಿದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ಭೇದವೆಣಿಸುವುದನ್ನು ನಿಷೇಧಿಸಿತು. ಮದರಾಸು ಉಚ್ಚ ನ್ಯಾಯಾಲಯ ೨೦೨೧ರಲ್ಲಿ ಒಲವನ್ನು 'ಬದಲಿಸುವ' ಚಿಕಿತ್ಸೆಯ ವಿರುದ್ಧ ಆಜ್ಞೆಯಿತ್ತಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿದುರಾಚಾರವೆಂದು ಸಾರಿತು. ಸಲಿಂಗಪ್ರೇಮ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೧೮ರ ಸೆಪ್ಟೆಂಬರ್ ೬ರಂದು ತೀರ್ಪಿತ್ತ ಮೊಕದ್ದಮೆಯಲ್ಲಿ ಮೊದಲ ಅರ್ಜಿದಾರರಾಗಿದ್ದ ನವತೇಜ್ ಸಿಂಗ್ ಜೋಹರ್ ಅವರು ಭರತನಾಟ್ಯ ಕಲಾವಿದರು, ಯೋಗಶಿಕ್ಷಕರು.

ನಮ್ಮ ಕಾಲೇಜುಗಳಲ್ಲಿ ತರಬೇತಾದ ದೇಹಚಿಕಿತ್ಸಕರು ದೊರೆಯುವುದು ಅಪರೂಪ. ಯೋಗದ ತರಗತಿ, ವ್ಯಾಯಾಮದ ಅವಧಿ ಮಾತ್ರ ಬಹಳ ಕಡೆ ಇವೆ. ಹುಡುಗರು ಈ ಸಾಲಿಗೆ, ಹುಡುಗಿಯರು ಆ ಸಾಲಿಗೆ ಎಂಬ ಆಜ್ಞೆಯೊಂದಿಗೆ ಅವು ಆರಂಭವಾಗಬೇಕಾಗಿಲ್ಲ. ಕಣ್ಣು ತೆರೆದಿರಲು, ಬಾಗಿಲ ಬಳಿ ಕೂರಲು, ಬೇಡವೆನಿಸಿದ ಆಸನವನ್ನು ಕಾರಣ ಹೇಳದೆ ಬಿಡಲು ವಿದ್ಯಾರ್ಥಿಗಳಿಗೆ ಅವಕಾಶವಿರಲಿ. ಅಧ್ಯಾಪಕರು ಇಷ್ಟನ್ನು ನಾಳೆಯಿಂದಲೇ ಮಾಡಬಹುದು.