ಸರಾಸರಿ ಸಮಸಮ, ಸರಣಿ ಮಾತ್ರ ನಮ್ಮದು

ಟೆಸ್ಟ್ ಸರಣಿ ಶುರುವಾಗುವ ಮುಂಚೆ ಪತ್ರಿಕೆಗಳಲ್ಲಿ ಎರಡು ಪಟ್ಟಿ ಅಕ್ಕಪಕ್ಕ ಬರುವುದು ವಾಡಿಕೆ. ಎಡಕ್ಕೆ ಅವರ ಬ್ಯಾಟ್ಸ್‌ಮನ್‌ಗಳು, ಬಲಕ್ಕೆ ನಮ್ಮವರು. ಶತಕ ಎಷ್ಟು, ಸರಾಸರಿ ಎಷ್ಟು ಎಂದು ಬೆರಳಿಟ್ಟು ಎಣಿಸಿ ‘ಈ ಸಲ ಅವರದೇ ಕೈ ಮೇಲು’ ಎಂದು ತೀರ್ಪು ಕೊಡುವವರಲ್ಲಿ ನಾನೂ ಒಬ್ಬ. ಆದರೆ ಈ ಲೆಕ್ಕಾಚಾರ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಬೇಕಾದರೆ 2001ರ ಭಾರತ–ಆಸ್ಟ್ರೇಲಿಯಾ ಸರಣಿಯನ್ನು ನೋಡಬೇಕು.

ಸತತ 15 ಟೆಸ್ಟ್ ಗೆದ್ದು ಬಂದಿದ್ದ ತಂಡ ಅದು. ಸ್ಲೇಟರ್, ಹೇಡನ್, ಲ್ಯಾಂಗರ್, ವಾ ಸಹೋದರರು, ಪಾಂಟಿಂಗ್, ಗಿಲ್‌ಕ್ರಿಸ್ಟ್. ಏಳನೆಯವನವರೆಗೂ ಉಸಿರು ಬಿಡಲು ಜಾಗವಿಲ್ಲ. ಮುಂಬೈನಲ್ಲಿ 99ಕ್ಕೆ 5 ವಿಕೆಟ್ ಬಿದ್ದ ಮೇಲೂ ಹೇಡನ್ 119, ಗಿಲ್‌ಕ್ರಿಸ್ಟ್ 112 ಎಸೆತಗಳಲ್ಲಿ 122 ಹೊಡೆದು ಪಂದ್ಯವನ್ನು ಕಸಿದುಕೊಂಡರು. ನಮ್ಮ ಕಡೆ ಸಚಿನ್ 76 ಮತ್ತು 65. ಮಿಕ್ಕವರಲ್ಲಿ ಯಾರೂ ಐವತ್ತು ಮುಟ್ಟಲಿಲ್ಲ. ಸೋಲು 10 ವಿಕೆಟ್‌ಗಳದ್ದು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಕೋಲ್ಕತ್ತದಲ್ಲಿ 274 ರನ್ ಹಿಂದೆ ಬಿದ್ದು ಫಾಲೋಆನ್. ಮೊದಲ ಇನಿಂಗ್ಸ್‌ನಲ್ಲಿ 59 ಗಳಿಸಿದ್ದ ವಿ.ವಿ.ಎಸ್. ಲಕ್ಷ್ಮಣ್ ಮೂರನೇ ಕ್ರಮಾಂಕಕ್ಕೆ ಬಡ್ತಿ ಪಡೆದರು. ಅಲ್ಲಿಯವರೆಗೆ 9, 39, 25 ಗಳಿಸಿದ್ದ ರಾಹುಲ್ ದ್ರಾವಿಡ್ ಆರಕ್ಕೆ ಇಳಿದರು. 232ಕ್ಕೆ 4 ವಿಕೆಟ್ ಬಿದ್ದಾಗ ಜೊತೆಯಾದ ಇಬ್ಬರೂ 376 ರನ್ ಸೇರಿಸಿದರು. ಮಾರ್ಚ್ 14ರಂದು ಇಡೀ ದಿನ ಒಂದೂ ವಿಕೆಟ್ ಬೀಳಲಿಲ್ಲ. 171 ರನ್‌ಗಳ ಗೆಲುವು.

ಹೈದರಾಬಾದಿನ ನನ್ನ ಕಚೇರಿಯಲ್ಲಿ ಈ ಕಥೆ ಬೇರೆ ರೀತಿ ಹೇಳಲ್ಪಡುತ್ತದೆ. ಇರಾನಿ ಚಹಾ ಕೈಗೆ ಬಂದ ಕೂಡಲೇ ಪಕ್ಕದ ಮೇಜಿನ ಹಿರಿಯರು ‘ಮಾ ಲಕ್ಷ್ಮಣ್’ ಎಂದು ಶುರು ಹಚ್ಚುತ್ತಾರೆ. 281ರಲ್ಲಿ 44 ಬೌಂಡರಿ, ವಾರ್ನ್ ಎಸೆತಗಳನ್ನು ಕ್ರೀಸ್‌ನಿಂದ ಮುಂದೆ ಬಂದು ಹೊಡೆದದ್ದು, ಎಲ್ಲಾ ನಿನ್ನೆ ನೋಡಿದಂತೆ. ‘ಇನ್ನೊಂದು ತುದಿಯಲ್ಲಿ 353 ಎಸೆತ ಆಡಿ 180 ಹೊಡೆದವರು ನಮ್ಮವರು ಸಾರ್’ ಎಂದು ನಾನು ನೆನಪಿಸಬೇಕು. ‘ಹೌದಪ್ಪಾ, ಒಳ್ಳೆಯ ಸಾಥ್ ಕೊಟ್ಟರು’ ಎನ್ನುತ್ತಾರೆ. ಆ ‘ಸಾಥ್’ ಎಂಬ ಮಾತು ಚುಚ್ಚುತ್ತದೆ. ಊರು ಬಿಟ್ಟು ಬಂದವನಿಗೆ ‘ನಮ್ಮವರು’ ಎಂಬುದು ಸಣ್ಣ ಮಾತಲ್ಲ.

ಒಂದು ಸಂಜೆ ಹಟಕ್ಕೆ ಬಿದ್ದು ಸರಣಿಯ ಪೂರ್ತಿ ಲೆಕ್ಕ ತೆಗೆದೆವು. ಲೆಕ್ಕಪತ್ರ ವಿಭಾಗದವರಿಗೆ ಇದೇನು ದೊಡ್ಡ ಕೆಲಸವಲ್ಲ. ಆಸ್ಟ್ರೇಲಿಯಾ 1708 ರನ್, ಕಳೆದುಕೊಂಡದ್ದು 50 ವಿಕೆಟ್. ಭಾರತ 1879 ರನ್, ಕಳೆದುಕೊಂಡದ್ದು 55 ವಿಕೆಟ್. ಭಾಗಿಸಿದಾಗ ಇಬ್ಬರೂ ಬೆಪ್ಪಾದೆವು. ಪ್ರತಿ ವಿಕೆಟ್‌ಗೆ ಅವರದು 34.16, ನಮ್ಮದೂ 34.16! ಶತಕಗಳಲ್ಲಂತೂ ಅವರೇ ಮುಂದೆ: ಅವರದು ನಾಲ್ಕು, ನಮ್ಮದು ಮೂರು. ಸರಣಿ ಮಾತ್ರ 2–1ರಿಂದ ನಮ್ಮದು.

ಹಾಗಾದರೆ ವ್ಯತ್ಯಾಸ ಎಲ್ಲಿ? ರನ್ ಯಾರ ಯಾರ ಬಳಿ ಇತ್ತು ಎಂಬುದರಲ್ಲಿ. ಸರಣಿಯಲ್ಲಿ ಅತಿ ಹೆಚ್ಚು ರನ್ ಗಳಿಸಿದ್ದು ಲಕ್ಷ್ಮಣ್ ಅಲ್ಲ, ಹೇಡನ್, 549. ತಂಡದ ಮೊತ್ತದ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಆದರೆ ಅವರ ನಂತರದ ಸ್ಥಾನದಲ್ಲಿದ್ದ ಸ್ಟೀವ್ ವಾ ಗಳಿಸಿದ್ದು 243. ನಮ್ಮಲ್ಲಿ ಲಕ್ಷ್ಮಣ್ 503, ದ್ರಾವಿಡ್ 338, ಸಚಿನ್ 304. ಮುನ್ನೂರು ದಾಟಿದವರು ಅವರಲ್ಲಿ ಒಬ್ಬರು, ನಮ್ಮಲ್ಲಿ ಮೂವರು. ಪಾಂಟಿಂಗ್ ಐದು ಇನಿಂಗ್ಸ್‌ನಲ್ಲಿ ಗಳಿಸಿದ್ದು 17 ರನ್, ಐದೂ ಸಲ ಹರಭಜನ್‌ಗೆ ಬಲಿ. ಮುಂಬೈನಲ್ಲಿ ಗುಡುಗಿದ ಗಿಲ್‌ಕ್ರಿಸ್ಟ್ ಉಳಿದ ನಾಲ್ಕು ಇನಿಂಗ್ಸ್‌ಗಳಲ್ಲಿ 0, 0, 1, 1. ಹರಭಜನ್ 32 ವಿಕೆಟ್ ಕಿತ್ತದ್ದು ಈ ಬಿರುಕಿನಲ್ಲೇ ಕೈಹಾಕಿ.

ಇದು ಕಣ್ಣಿಗೆ ಕಟ್ಟುವಂತೆ ಕಂಡದ್ದು ಚೆನ್ನೈನಲ್ಲಿ. 3 ವಿಕೆಟ್‌ಗೆ 340 ಇದ್ದ ಆಸ್ಟ್ರೇಲಿಯಾ 391ಕ್ಕೆ ಕುಸಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 203, ಹೇಡನ್ ಒಬ್ಬರದೇ. ಉತ್ತರವಾಗಿ ಭಾರತದ 501ರಲ್ಲಿ ಸಚಿನ್ 126, ದಾಸ್ 84, ದ್ರಾವಿಡ್ 81, ಲಕ್ಷ್ಮಣ್ 65, ರಮೇಶ್ 61. ಮೊದಲ ಆರರಲ್ಲಿ ಐವರು ಅರವತ್ತು ದಾಟಿದರು. ಅಲ್ಲಿ ಸಿಕ್ಕ 110 ರನ್ ಮುನ್ನಡೆ ಇಲ್ಲದಿದ್ದರೆ ಕೊನೆಗೆ 155ರ ಗುರಿಯನ್ನು 8 ವಿಕೆಟ್ ಕಳೆದುಕೊಂಡು ಮುಟ್ಟುವ ಮಾತೇ ಇರುತ್ತಿರಲಿಲ್ಲ.

ಕೋಲ್ಕತ್ತದ ಆ ಒಂದು ಜೊತೆಯಾಟವನ್ನು ಲೆಕ್ಕದಿಂದ ತೆಗೆದರೆ ಭಾರತದ ಸರಾಸರಿ 28ಕ್ಕಿಂತ ಕೆಳಗಿಳಿಯುತ್ತದೆ. ಆಗ ಸರಣಿಯೇ ಇಲ್ಲ. 281 ಮತ್ತು 180 ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಯುವುದು ಸ್ಕೋರ್‌ಕಾರ್ಡಿನ ಅನುಕೂಲ ಅಷ್ಟೆ; ಕಟ್ಟಿದ ಗೋಡೆ ಒಂದೇ. ಒಂದು ಕಡೆ ಇಟ್ಟಿಗೆ ಇಡುವವನಿಲ್ಲದೆ ಇನ್ನೊಂದು ಕಡೆ ಎಷ್ಟು ಎತ್ತರಕ್ಕೆ ಏರಿಸಿಯಾರು?

ತೆಲುಗಿನಲ್ಲಿ ‘ನಮ್ಮ’ ಎನ್ನಲು ಎರಡು ಮಾತಿವೆ. ಕೇಳುವವನನ್ನು ಹೊರಗಿಟ್ಟರೆ ‘ಮಾ’, ಒಳಗೆ ಸೇರಿಸಿಕೊಂಡರೆ ‘ಮನ’. ಹೈದರಾಬಾದಿಗೆ ಬಂದ ಹೊಸತರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಮ್ಮ’. ಲೆಕ್ಕ ಮುಗಿದ ಮೇಲೆ ಹಿರಿಯರು ಹಾಳೆ ಮಡಚಿ ‘ಮನ ದ್ರಾವಿಡ್ ಕೂಡಾ ಗಟ್ಟಿಗ’ ಎಂದರು. ಅವರು ಬೇಕೆಂದೇ ಹಾಗೆಂದರೋ, ಬಾಯಿಗೆ ಬಂದಂತೆ ಅಂದರೋ, ಕೇಳಲಿಲ್ಲ. ನಾನೂ ‘ನಮ್ಮ ಲಕ್ಷ್ಮಣ್’ ಎಂದೆ.

ಮುಂದಿನ ಸರಣಿಗೆ ಮತ್ತೆ ಎರಡು ಪಟ್ಟಿ ಬರುತ್ತವೆ. ಹೋಲಿಸಿ, ಖಂಡಿತ ಹೋಲಿಸಿ. ಆದರೆ ಯಾರ ಸರಾಸರಿ ದೊಡ್ಡದು ಎಂಬುದರ ಜೊತೆಗೆ, ಅವನು ನಿಂತರೆ ಎದುರು ತುದಿಯಲ್ಲಿ ನಿಲ್ಲುವವರು ಯಾರಿದ್ದಾರೆ ಎಂದೂ ಒಮ್ಮೆ ನೋಡಿ.