ಸೋಮವಾರದ ವಾಸನೆ

“ಸೋಮವಾರ ಲೇತ್ ಚಾಲೂ ಮಾಡಿದ್ರೆ ಕೊಳೆತ ಮೊಟ್ಟೆ ವಾಸನೆ ಬರ್ತೈತೆ ಸಾರ್” ಎಂದ ಮೋಕದ ನನ್ನ ಹಳೆಯ ವಿದ್ಯಾರ್ಥಿ. ಬಳ್ಳಾರಿಯ ವರ್ಕ್‌ಶಾಪೊಂದರಲ್ಲಿ ಆತ ಟರ್ನರ್. ಮುಂಗೈ ತುಂಬ ತುರಿಕೆ, ಬಿಡದ ಒಣಕೆಮ್ಮು.

ಉಕ್ಕು ಕೊರೆಯುವಾಗ ಬಿಸಿ ತಣಿಸಲು ಸುರಿಯುವ ಹಾಲಿನಂಥ ಕೂಲಂಟ್‌ನಲ್ಲಿ ಹೆಚ್ಚಿನ ಪಾಲು ನೀರೇ. ಉಳಿದ ಎಣ್ಣೆ ಬ್ಯಾಕ್ಟೀರಿಯಾಗಳಿಗೆ ಊಟ. ಭಾನುವಾರ ಯಂತ್ರ ನಿಂತಾಗ ದ್ರವದಲ್ಲಿ ಆಮ್ಲಜನಕ ಮುಗಿದು, ಅದು ಬೇಡದ ಜಾತಿಯವು ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ನಮ್ಮ ಲ್ಯಾಬಿನ ಕಿಪ್ ಉಪಕರಣದ ವಾಸನೆಯೇ ಅದು!

ಪರೀಕ್ಷೆ ಕಷ್ಟವಲ್ಲ. ಅಗಾರ್ ಲೇಪಿಸಿದ ‘ಡಿಪ್‌ಸ್ಲೈಡ್’ ಪಟ್ಟಿಯನ್ನು ದ್ರವದಲ್ಲಿ ಅದ್ದಿ, ಮುಚ್ಚಿ, ಸುಮಾರು 30 ಡಿಗ್ರಿ ಶಾಖದಲ್ಲಿ ಎರಡು ದಿನ ಇಡಬೇಕು. ಮೂಡಿದ ಚುಕ್ಕೆಗಳನ್ನು ಜೊತೆಗೆ ಕೊಡುವ ಚಿತ್ರಪಟಕ್ಕೆ ಹೋಲಿಸಬೇಕು. ಮಿಲಿಲೀಟರಿಗೆ ಹತ್ತು ಲಕ್ಷ ದಾಟಿತೋ, ದ್ರವ ತೆಗೆದು ತೊಟ್ಟಿ ತೊಳೆಯಲೇಬೇಕು. ತೆಗೆದದ್ದು ಚರಂಡಿಗಲ್ಲ, ಮತ್ತೆ! ಚುಕ್ಕೆ ಬೀಳಲಿಲ್ಲವೆಂದು ಮೂಗನ್ನು ನಂಬದಿರಬೇಡಿ. ಆಮ್ಲಜನಕ ಒಲ್ಲದವು ಈ ಪಟ್ಟಿಯಲ್ಲಿ ಬೆಳೆಯವು.

2003-04ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಂಜಿನ್ ಕಾರ್ಖಾನೆಯೊಂದರಲ್ಲಿ ಇಂಥ ದ್ರವದ ತುಂತುರು ಉಸಿರಾಡಿ ಹಲವು ಕೆಲಸಗಾರರ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿತ್ತು.

“ನಮ್ಮ ಓನರ್ ಫಿನಾಯಿಲ್ ಹಾಕಿಸ್ತಾರೆ ಸಾರ್” ಎಂದ ಹುಡುಗ. ವಾಸನೆ ಅಡಗೀತು, ಕೆಮ್ಮು? ಮೊದಲು ಡಾಕ್ಟರ ಹತ್ತಿರ ನಡಿ ಎಂದೆ.